ಮೂರಂತಸ್ತಿನ ಕೇಕು ಮತ್ತು ನಮ್ಮ ಕಾರಿನ ಬಿಸಿಯುಸಿರು

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಶಾಖದ ಪಾಠ ಮಾಡುತ್ತಿರುವ ಗಂಡನನ್ನು ಮನೆಯಲ್ಲೇ ಇಟ್ಟುಕೊಂಡು, ಕಾರಿನ ಎಸಿ ಬಿಸಿಗಾಳಿ ಊದಿದರೆ ಮೆಕ್ಯಾನಿಕ್ಕನ್ನು ಕೇಳೋಣ ಅನ್ನುತ್ತಾಳಲ್ಲ ನನ್ನ ಹೆಂಡತಿ! ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ನನ್ನಾಕೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಇಷ್ಟು ದಿನ ಹುಟ್ಟುಹಬ್ಬಕ್ಕೆ ಒಂದು ಕೆ.ಜಿ., ಎರಡು ಕೆ.ಜಿ. ಹೀಗೆ ನಡೆಯುತ್ತಿತ್ತು. ಮೊದಲ ಬಾರಿಗೆ ಮದುವೆಯೊಂದಕ್ಕೆ ಮೂರಂತಸ್ತಿನ ಕ್ರೀಮ್ ಕೇಕಿನ ಆರ್ಡರು ಬಂತು. ಭಾನುವಾರ ಸಂಜೆ ನಾಲ್ಕಕ್ಕೆ ತಲುಪಿಸಬೇಕು. ಹೊರಗೆ ಉರಿಬಿಸಿಲು, ಕಾರಿನೊಳಗೆ ಹದಿನೈದು ದಿನದಿಂದ ಬಿಸಿಗಾಳಿ. ಹಿಂದಿನ ವಾರ ಹೊರಟ ಗುಲಾಬಿ ಹೂವಿನ ಕೇಕು ತಲುಪುವಷ್ಟರಲ್ಲಿ ಗುಲಾಬಿ ಕೆಸರಾಗಿತ್ತು.

“ಇದೂ ಕರಗಿದ್ರೆ ಓವನ್ ಮಾರಿ ಸುಮ್ನೆ ಕೂತ್ಕೋತೀನಿ. ಆಮೇಲೆ ಯಾರು ಕೊಡ್ತಾರೆ ಆರ್ಡರ್ನ?” ಎಂದಳು. ಅವಳ ದನಿ ಸಣ್ಣಗಾಗಿತ್ತು.

“ನಾನಿರುವಾಗ ನಿನಗ್ಯಾಕೆ ಚಿಂತೆ?” ಎಂದೆ. (ಚಿಂತೆಗೆ ಅದೇ ಕಾರಣ ಎಂದು ಅವಳು ಗೊಣಗಿದ್ದು ನನಗೆ ಕೇಳಿಸಲಿಲ್ಲ ಎಂದಿಟ್ಟುಕೊಳ್ಳಿ.)

ಶನಿವಾರ ಶಸ್ತ್ರಚಿಕಿತ್ಸೆ ಆರಂಭಿಸಿದೆ. ಡ್ಯಾಶ್‌ಬೋರ್ಡಿನ ಖಾನೆ ಕಳಚಿ ಅದರ ಹಿಂದಿನ ಫಿಲ್ಟರು ತೆಗೆದು ಧೂಳು ಕೊಡವಿದೆ. ಮುಂದಿನ ಜಾಲರಿಗೆ ಪೈಪಿನಿಂದ ನೀರು ಬಿಟ್ಟೆ. ಕಾರು ಫಳಫಳ ಹೊಳೆಯಿತು, ಗಾಳಿ ಮಾತ್ರ ಬಿಸಿಯಾಗಿಯೇ ಬಂತು. “ಗ್ಯಾಸು ಖಾಲಿ” ಎಂದು ತೀರ್ಪು ಕೊಟ್ಟೆ.

“ಗ್ಯಾಸ್ ಖಾಲಿ ಆಗಿದ್ರೆ ಯಾವಾಗ್ಲೂ ಬಿಸೀನೇ ಬರ್ಬೇಕಲ್ರೀ? ಓಡ್ತಿರುವಾಗ ತಣ್ಣಗೇ ಬರುತ್ತೆ. ಸಿಗ್ನಲಲ್ಲಿ ನಿಂತ್ರೆ ಬಿಸಿ.”

“ಅದೆಲ್ಲ ಮನಸ್ಸಿನ ಭ್ರಮೆ ಕಣೇ.”

“ಕ್ರೀಮಿಗೂ ಮನಸ್ಸಿದ್ಯಾ?”

ಭಾನುವಾರ ಮಧ್ಯಾಹ್ನ ಅವಳೇ ಕಾರನ್ನು ಗ್ಯಾರೇಜಿಗೆ ಒಯ್ದಳು, ನನ್ನನ್ನೂ ಸೇರಿಸಿ. ಮೆಕ್ಯಾನಿಕ್ ಅರ್ಧ ಇಳಿಸಿದ್ದ ಶಟರಿನ ಕೆಳಗಿಂದ ತೂರಿ ಬಂದು ಕೈಮುಗಿದ.

“ಏನ್ ಸಾರ್, ಗುರುತು ಸಿಕ್ತಾ? ನಿಮ್ಮ ಸಬ್ಜೆಕ್ಟಲ್ಲಿ ಎರಡು ಸಲ ಡುಮ್ಕಿ ಹೊಡ್ದೋನು!”

ಇವನ ಅಜ್ಞಾನವನ್ನು ಇಂದಾದರೂ ಕಳೆಯೋಣವೆಂದು ಶಾಖದ ಹರಿವಿನ ಬಗ್ಗೆ ಹತ್ತು ನಿಮಿಷ ಬೋಧಿಸಿದೆ. ಅವನು ಆಕಳಿಸದೆ ಕೇಳಿಸಿಕೊಂಡು, ನನ್ನಾಕೆಯ ಕಡೆ ತಿರುಗಿದ. “ಅಕ್ಕಾ, ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿ ಆಗುತ್ತಾ?”

ಅವಳು ನನ್ನನ್ನು ನೋಡಿದಳು. ನಾನು ಶಟರನ್ನು ನೋಡಿದೆ.

ಬಾನೆಟ್ ಎತ್ತಿದ. “ಗ್ಯಾಸ್ ಸರಿಯಾಗೇ ಇದೆ. ಮುಂದಿರೋ ಈ ಎಸಿ ಫ್ಯಾನ್ ತಿರುಗ್ತಿಲ್ಲ. ಓಡುವಾಗ ಎದುರುಗಾಳಿ ಬಡಿದು ಜಾಲರಿ ತಣ್ಣಗಾಗುತ್ತೆ, ನಿಂತ್ರೆ ಆ ಗಾಳೀನೂ ಇಲ್ಲ.” ಆಮೇಲೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಒಂದು ಖಾಲಿ ಗುಂಡಿ ತೋರಿಸಿದ. “ಫ್ಯಾನಿಗೆ ಕರೆಂಟ್ ಬಿಡೋ ಕಪ್ಪು ಡಬ್ಬಿ, ರಿಲೇ ಅಂತೀವಲ್ಲ, ಅದೇ ಇಲ್ಲ! ಯಾರೋ ಕಿತ್ಕೊಂಡಿದಾರೆ ಸಾರ್.”

“ಕಳ್ಳತನ! ಹಾಡಹಗಲಲ್ಲೇ ದರೋಡೆ! ನಮ್ಮ ಬೀದೀಲಿ ಕಾರು ತೊಳೆಯೋರೇ ಇರ್ಬೇಕು, ನಾನು ಸುಮ್ನೆ ಬಿಡೋನಲ್ಲ...” ಎಂದು ಗುಡುಗುತ್ತಿದ್ದವನಿಗೆ ಥಟ್ಟನೆ ನನ್ನದೇ ಕೈಚಳಕ ನೆನಪಾಯಿತು.

ಹದಿನೈದು ದಿನದ ಹಿಂದೆ ಹಾರ್ನು ಕೈಕೊಟ್ಟಿತ್ತು. ಅದೇ ಫ್ಯೂಸ್ ಬಾಕ್ಸಿನಲ್ಲಿ ಅಣ್ಣತಮ್ಮಂದಿರ ಹಾಗೆ ಸಾಲಾಗಿ ಕೂತಿದ್ದ ಕಪ್ಪು ಡಬ್ಬಿಗಳಲ್ಲಿ ಒಂದನ್ನು ಕಿತ್ತು ಹಾರ್ನಿನ ಜಾಗಕ್ಕೆ ತುರುಕಿದ್ದೆ. ಹಾರ್ನು ಕೂಗಿತು. ‘ಸ್ವಂತ ರಿಪೇರಿ’ ಎಂದು ಎರಡು ದಿನ ಎದೆಯುಬ್ಬಿಸಿ ಓಡಾಡಿದ್ದೆ. ಇದನ್ನೆಲ್ಲ ಅಲ್ಲಿ ಒಪ್ಪಿಕೊಂಡಾಗ ಡುಮ್ಕಿ ಶಿಷ್ಯ ನಗು ತಡೆಯಲು ಬಾನೆಟ್ಟಿನೊಳಗೆ ತಲೆ ಹುದುಗಿಸಿದ.

“ಆಯ್ತಪ್ಪಾ, ಹೊಸದೊಂದು ಹಾಕು.”

“ಭಾನುವಾರ ಸಾರ್, ಅಂಗಡಿಗಳೆಲ್ಲ ಬಂದ್. ಇರೋದು ನೀವು ಹಾರ್ನಿಗೆ ಹಾಕಿರೋ ಒಂದೇ ರಿಲೇ. ಹಾರ್ನೋ, ಎಸಿಯೋ, ನೀವೇ ಹೇಳಿ.”

“ಎಸಿ” ಎಂದಳು ನನ್ನಾಕೆ.

“ಹಾರ್ನ್ ಇಲ್ದೆ ಪೇಟೆ ದಾಟೋಕಾಗುತ್ತೇನೇ?”

“ನೀವಿದ್ದೀರಲ್ಲ.”

ಮನೆಗೆ ಹೋಗಿ ಕೇಕು ಏರಿಸಿಕೊಂಡು ಹೊರಟೆವು. ಸ್ಟೀರಿಂಗು ಅವಳ ಕೈಯಲ್ಲಿ. ಹಿಂದೆ ಮೂರಂತಸ್ತಿನ ಕೇಕು ಮಹಾರಾಣಿಯಂತೆ ತಂಪಿನಲ್ಲಿ. ಪಕ್ಕದಲ್ಲಿ ಕಿಟಕಿಯಿಂದ ತಲೆ ಹೊರಗಿಟ್ಟ ನಾನು. “ಪಕ್ಕಕ್ಕೆ ಸರೀರೀ! ದಾರಿ ಬಿಡ್ರೀ! ಕೇಕ್ ಬರ್ತಿದೆ!” ತಂಪು ಸೋರುತ್ತದೆಂದು ಅವಳು ಗಾಜನ್ನು ನನ್ನ ಕುತ್ತಿಗೆಯವರೆಗೂ ಏರಿಸಿದಳು. ತಲೆಗೆ ಬೇಸಿಗೆ, ಕಾಲಿಗೆ ಚಳಿಗಾಲ. ಒಬ್ಬ ಲಾರಿಯವನು ನನ್ನ ಕೂಗಿಗೆ ತನ್ನ ಹಾರ್ನಿನಿಂದ ಉತ್ತರ ಕೊಟ್ಟ.

“ಜೋರಾಗಿ ಕೂಗ್ರೀ! ಹಿಂದಿನ ಬೆಂಚಿನವರಿಗೆ ಕೇಳಿಸ್ಬೇಡ್ವಾ?” ಎಂದು ಒಳಗಿನಿಂದ ಆಜ್ಞೆಯಾಯಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆವು. ಕ್ರೀಮಿನ ಒಂದು ಎಸಳೂ ಬಾಡಿರಲಿಲ್ಲ. ಮದುಮಗಳ ತಾಯಿ ನನ್ನಾಕೆಯ ಎರಡೂ ಕೈ ಹಿಡಿದು, ಮುಂದಿನ ತಿಂಗಳು ತಂಗಿಯ ಮನೆಗೂ ಇಂಥದ್ದೇ ಬೇಕು ಎಂದರು. ಇವಳ ಕಣ್ಣು ತುಂಬಿಬಂತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

“ಈ ಬಿಸಿಲಲ್ಲಿ ಚೂರೂ ಕರಗದ ಹಾಗೆ ಹೇಗೆ ತಂದ್ರಮ್ಮಾ?”

ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ಮುಂದೆ ಬಂದೆ. ಶಾಖದ ಹರಿವಿನಿಂದಲೇ ಶುರುಮಾಡೋಣವೆಂದು ಬಾಯಿ ತೆರೆದೆ. ‘ಕುಯ್’ ಎಂಬ ಸದ್ದೊಂದು ಹೊರಟಿತು. ಮತ್ತೆ ಪ್ರಯತ್ನಿಸಿದೆ. ಅದೂ ಹೊರಡಲಿಲ್ಲ.

ನನ್ನಾಕೆ ನನ್ನ ಬೆನ್ನು ಸವರಿದಳು. “ಪಾಪ, ಅವರ ಗಂಟಲು ಕಟ್ಟಿದೆ. ನಾನೇ ಹೇಳ್ತೀನಿ ಕೇಳಿ. ಹದಿನೈದು ದಿನದ ಹಿಂದೆ ನಮ್ಮೆಜಮಾನ್ರು ಹಾರ್ನ್ ರಿಪೇರಿ ಮಾಡಿದ್ರು...”

ಮದುವೆಗೆ ಬಂದವರೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.