ಮಾವನ ಕಿವಿ ಮಿಷನ್ನು

ನಮ್ಮ ಸೋದರಮಾವನಿಗೆ ಕಿವಿ ಕೇಳಿಸುವುದಿಲ್ಲ ಎನ್ನುವವರದು ಎಲುಬಿಲ್ಲದ ನಾಲಿಗೆ. ಕೇಳಿಸುತ್ತದೆ ಸ್ವಾಮಿ! ಆದರೆ ನೀವು ಹೇಳಿದ್ದಲ್ಲ, ಅಷ್ಟೇ.

ಇಡೀ ಕೆಜಿಎಫ್‌ನಲ್ಲಿ ಗಣಿಯ ಆಳದಿಂದ ರೇಡಿಯೋದಲ್ಲಿ ಮಾತನ್ನು ಮೇಲೆ ತಂದ ಮೊದಲ ಇಂಜಿನಿಯರು ಇವರು. ಬಂಡೆಗೇ ಬಾಯಿ ಬರಿಸಿದವರು! ಗಣಿ ಮುಚ್ಚಿತು, ಅದರ ಹಿಂದೆಯೇ ಮಾವನ ಕಿವಿಯೂ ಮುಚ್ಚಿತು. ಆಂಡರ್ಸನ್‌ಪೇಟೆಯ ಮನೆಯಲ್ಲಿ ಅತ್ತೆ "ಊಟಕ್ಕೆ ಬನ್ರೀ" ಎಂದು ಕೂಗಿದರೆ ಪಕ್ಕದ ಮನೆಯವರು ಕೈ ತೊಳೆದುಕೊಂಡು ಕೂರುತ್ತಿದ್ದರು. ಹೀಗೆ ವರ್ಷಗಟ್ಟಲೆ ಕೂಗಿ ಕೂಗಿ ಅತ್ತೆಯ ಗಂಟಲು ಕೆಟ್ಟಿತು. "ಇನ್ನೂ ಕೂಗಿದರೆ ದನಿಯೇ ಉಳಿಯದು" ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟರು. ಕೂಗಬಾರದ ಹೆಂಡತಿ, ಕೇಳಿಸದ ಗಂಡ. ಸಂಸಾರ ನಡೆಯಬೇಕಲ್ಲ? ಅತ್ತೆ ಊಟಕ್ಕೆ ಕರೆಯಲು ಕಡಲೆಕಾಯಿ ಎಸೆಯತೊಡಗಿದರು. ಮಾವ ಅದನ್ನೇ ಸುಲಿದು ತಿಂದು ಸುಮ್ಮನಾಗುತ್ತಿದ್ದರು.

ಅಂಗಡಿಯಿಂದ ಕಿವಿ ಮಿಷನ್ ತಂದುಕೊಟ್ಟೆ. ಹಾಕಿಕೊಂಡರು, ಕಿತ್ತರು, ಬಿಚ್ಚಿದರು, ಒಳಗೆ ನೋಡಿ ಮುಖ ಸಿಂಡರಿಸಿದರು.

"ಇದೇನ್ಲಾ, ಆಟೋ ಸದ್ದು, ನಾಯಿ ಸದ್ದು, ನಿನ್ ಸದ್ದು, ಎಲ್ಲಾ ಕಲಸುಮೇಲೋಗರ! ನಾನೇ ಮಾಡ್ಕೊತೀನಿ ಓಗು."

ಮಾಡಿಯೇಬಿಟ್ಟರು, ಊಟದ ಡಬ್ಬಿಯಷ್ಟು ದೊಡ್ಡದು! ಅದನ್ನು ಕೊರಳಿಗೆ ತೂಗುಹಾಕಿಕೊಂಡು ಬೇತಮಂಗಲದ ಬಸ್ಸು ಹತ್ತಿದರೆ ಕಂಡಕ್ಟರು ಲಗೇಜ್ ಟಿಕೆಟ್ ಕೇಳಿದ. ಮೊದಲು ಅದರಲ್ಲಿ ಗಡಿಯಾಚೆಯ ತೆಲುಗು ಹಾಡು ಬಂತು. ಅತ್ತೆ ಎದುರಿಗೆ ನಿಂತು ಪಿಸುದನಿಯಲ್ಲಿ ಬಯ್ಯುತ್ತಿದ್ದಾರೆ, ಮಾವ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಾರೆ! ರಿಪೇರಿ ಮಾಡಿದ ಮೇಲೆ ತಮಿಳು ವಾರ್ತೆ ಬಂತು. ಕನ್ನಡ ಬರುವ ಲಕ್ಷಣವೇ ಇರಲಿಲ್ಲ.

ಕೊನೆಗೊಂದು ಭಾನುವಾರ ಹೋದಾಗ "ಮಿಷನ್ ರೆಡಿ" ಎಂದರು. "ಮಾವಾ, ಕೇಳಿಸ್ತದಾ?" ಎಂದೆ. ಉಹೂಂ. ಡಬ್ಬಿಗೆ ಬಾಯಿಟ್ಟು ಅರಚಿದೆ. ಜಪ್ಪಯ್ಯ ಅನ್ನಲಿಲ್ಲ. ಇಷ್ಟು ತಿಂಗಳ ಒದ್ದಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ನನಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಹಿತ್ತಿಲಿನಿಂದ ಅತ್ತೆ ತೀರಾ ಮೆಲ್ಲಗೆ, "ರವಷ್ಟು ಈ ಬಿಂದಿಗೆ ಎತ್ಕೊಡ್ರಿ" ಎಂದರು.

"ಬಂದೆ ಕಣೇ!" ಎಂದು ಮಾವ ಎದ್ದೇಬಿಟ್ಟರು.

ನಾನು ಬಿಟ್ಟ ಬಾಯಿ ಮುಚ್ಚದೆ, ಇದು ಹೇಗೆ ಎಂದು ಕೈಸನ್ನೆ ಮಾಡಿದೆ.

"ಅವಳ ದನಿ ಒಂದೇ ಒಳಕ್ಕೆ ಬರೋ ಅಂಗೆ ಮಾಡಿದ್ದೀನಿ ಕಣ್ಲಾ. ಮಿಕ್ಕಿದ್ದೆಲ್ಲಾ ಕಟ್. ಪಾಪ, ಭಾಳ ಕೂಗವ್ಳೆ. ಇನ್ನ ಸಾಕು."

ಮಾವನ ಮೇಲೆ ಎಂದೂ ಬಾರದಷ್ಟು ಪ್ರೀತಿ ಆಗ ಉಕ್ಕಿ ಬಂತು. ಹಿತ್ತಿಲಿನಲ್ಲಿ ಅತ್ತೆ ಏನೇನೋ ಹೇಳುತ್ತಲೇ ಇದ್ದರು, ಮಾವ ಹೂಂಗುಟ್ಟುತ್ತಲೇ ಇದ್ದರು. ನನಗೆ ಒಂದು ಮಾತೂ ಕೇಳಿಸಲಿಲ್ಲ.