3.3ಕ್ಕೂ 3.3ಕ್ಕೂ ಜಗಳ ಹಚ್ಚಿದ ಮಹಾಶಯರಿಗೆ

ಮಾನ್ಯರೇ,

ನಮ್ಮ ಅಂಗಡಿಯ ಅಟ್ಟೆ ಕೊರೆಯುವ ಯಂತ್ರದ ಹೊಟ್ಟೆಯೊಳಗೆ ಕುಳಿತು, ನಾವು ಒತ್ತಿದ ಅಕ್ಷರಗಳನ್ನು ಸಂಖ್ಯೆಯಾಗಿಯೂ, ತಮ್ಮ ಮನಸ್ಸಿನ ಸಂಖ್ಯೆಯನ್ನು ಮತ್ತೆ ಅಕ್ಷರವಾಗಿಯೂ ಮಾರ್ಪಡಿಸುವ ತಂತ್ರಾಂಶ ಮಹಾಶಯರಾದ ತಮಗೆ, ಷೂ ಹೊಲಿಯುವ ಮುದುಕನ ಸವಿನಯ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ತಮ್ಮ ಮನೆಯ ಹಿರಿಯ ಮೂರು, ಚುಕ್ಕೆಯಮ್ಮ, ಆಕೆಯ ಪಕ್ಕದ ನಡುವಣ ಮೂರು, ಸಾಲಾಗಿ ಕೂತ ಹದಿನಾಲ್ಕು ಮಂದಿ ಸೊನ್ನೆಗಳು, ಇವರೆಲ್ಲರ ಹಿಂದೆ ಬಾಗಿಲ ಸಂದಿಯಲ್ಲಿ ಅವಿತಿರುವ ಕಿರಿಯ ಮೂರು, ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ಆ ಕಿರಿಯವನ ಆರೋಗ್ಯದ ಬಗ್ಗೆ ನನಗೆ ವಿಶೇಷ ಕಾಳಜಿ. ಅವನಿಂದಾಗಿ ನನ್ನ ಆರೋಗ್ಯ ಮೂರು ದಿನ ಕೆಟ್ಟಿತ್ತು.

ವಿಷಯಕ್ಕೆ ಬರುವ ಮೊದಲು ನಮ್ಮ ಅಕ್ಕನ ಪರಿಚಯ ಮಾಡಿಕೊಡಬೇಕು. ಅಕ್ಕನ ಎಡಗಾಲು ಬಲಗಾಲಿಗಿಂತ 3.3 ಸೆಂಟಿಮೀಟರ್ ಗಿಡ್ಡ. ಆ ಎತ್ತರಕ್ಕೆ ಸರಿಯಾಗಿ ಅಟ್ಟೆ ಹಾಕಿಕೊಡುವವರು ಯಾರೂ ಸಿಗಲಿಲ್ಲವೆಂದೇ ನಾನು ಈ ಕಸುಬಿಗೆ ಬಿದ್ದದ್ದು. ಕಲಿಸಿದವರಿಲ್ಲ, ಹಳೆಯ ಷೂಗಳನ್ನು ಬಿಚ್ಚಿ ಬಿಚ್ಚಿ ನೋಡಿ ಕಲಿತೆ. ಕೆಳಗೆ 1.1ರ ರಬ್ಬರು, ಅದರ ಮೇಲೆ 2.2ರ ಕಾರ್ಕು, ಅಂಟು, ಹೊಲಿಗೆ. ನಲವತ್ತೆರಡು ವರ್ಷ ಆ ಅಟ್ಟೆಯ ಮೇಲೆ ನಿಂತು ಅಕ್ಕ ನಮ್ಮ ಬೀದಿಯ ಗ್ರಂಥಾಲಯ ನಡೆಸಿದಳು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಯಾರ ಕೈಯನ್ನೂ ಹಿಡಿದು ಮೆಟ್ಟಿಲು ಹತ್ತಿದವಳಲ್ಲ.

ಈಗ ಗ್ರಂಥಾಲಯಕ್ಕೆ ಹೊಸ ಕಟ್ಟಡವಾಗಿ, ಶನಿವಾರ ಬೆಳಿಗ್ಗೆ ಅದರ ಪ್ರಾರಂಭಕ್ಕೆ ಅಕ್ಕನೇ ವೇದಿಕೆ ಹತ್ತಿ ಮೊದಲ ಪುಟ ಓದಬೇಕೆಂದು ಗೊತ್ತಾಗಿತ್ತು. ವೇದಿಕೆಗೆ ಐದು ಮೆಟ್ಟಿಲು. ಬುಧವಾರ ಷೂವಿನ ಅಟ್ಟೆ ನಡುವೆಯೇ ಬಾಯಿಬಿಟ್ಟಿತು. ಅಕ್ಕ ಷೂ ತಂದು ನನ್ನ ಮುಂದಿಟ್ಟು, "ನೋಡೋ, ಕೈ ಹಿಡ್ಕೊಂಡು ಹತ್ತೋದಾದ್ರೆ ನಾನು ಬರೋದೇ ಇಲ್ಲ. ಅವರೇ ಓದ್ಕೊಳ್ಲಿ" ಎಂದಳು. ಅವಳು ಹೇಳಿದರೆ ಹೇಳಿದ ಹಾಗೆ.

ಮೊದಲಾಗಿದ್ದರೆ ನಾನೇ ಚಾಕು ಹಿಡಿದು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದೆ. ಹೋದ ವರ್ಷದಿಂದ ನನ್ನ ಹೆಬ್ಬೆರಳು ನಡುಗುತ್ತದೆ. ಅದಕ್ಕೇ ತಾನೆ ತಮ್ಮನ್ನು ಅಂಗಡಿಗೆ ಬರಮಾಡಿಕೊಂಡದ್ದು! ಆದ್ದರಿಂದ ಅತ್ಯಂತ ಗೌರವದಿಂದ ತಮ್ಮ ಪರದೆಯ ಮುಂದೆ ಕುಳಿತು, ಕಾಲಿನ ವ್ಯತ್ಯಾಸ 3.3 ಎಂದೂ, ಪದರಗಳು 1.1 ಮತ್ತು 2.2 ಎಂದೂ ಒತ್ತಿದೆ. ತಾವು ಕೂಡಿ, ಮೊತ್ತದ ಚೌಕದಲ್ಲಿ 3.3 ಎಂದು ಮುದ್ದಾಗಿ ಬರೆದಿರಿ. ಅದರ ಕೆಳಗೇ ಕೆಂಪು ಅಕ್ಷರದಲ್ಲಿ, "ವ್ಯತ್ಯಾಸ 3.3, ಮೊತ್ತ 3.3, ಇವೆರಡೂ ಸಮವಲ್ಲ, ಸರಿಪಡಿಸಿ" ಎಂದು ಅಪ್ಪಣೆ ಕೊಡಿಸಿದಿರಿ.

ಮಾನ್ಯರೇ, ನನ್ನ ಕಣ್ಣಿನ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಕನ್ನಡಕ ಒರೆಸಿದೆ. ಪರದೆ ಒರೆಸಿದೆ. ಅಳಿಸಿ ಹೊಸದಾಗಿ ಒತ್ತಿದೆ. ಕಾರ್ಕಿನ ಮೇಲೆ ಧೂಳು ಕೂತಿರಬಹುದೆಂದು ಅದನ್ನೂ ಊದಿ ಒರೆಸಿ ಮತ್ತೆ ಅಳತೆ ಹಿಡಿದೆ. ಗುರುವಾರ ಪೂರ್ತಿ ತಾವು ಅದೇ ಕೆಂಪು, ನಾನು ಅದೇ ಬೆವರು.

ಶುಕ್ರವಾರ ಬೆಳಿಗ್ಗೆ ಸೊಸೆ ಬಂದು ಏನೋ ಒತ್ತಿ, ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ಪೂರ್ತಿ ತೋರಿಸುವಂತೆ ತಮ್ಮನ್ನು ಕೇಳಿಕೊಂಡಳು. ಆಗ ಹೊರಬಿತ್ತು ತಮ್ಮ ಸಂಸಾರದ ಗುಟ್ಟು: 3.3000000000000003. "ಮಾವ, ಇದು ನಮ್ಮ ಥರ ಹತ್ತು ಬೆರಳಲ್ಲಿ ಎಣ್ಸಲ್ಲ, ಇದಕ್ಕಿರೋದು ಎರಡೇ ಬೆರಳು. ಎಲ್ಲಾನೂ ಅರ್ಧ, ಅರ್ಧದಲ್ಲಿ ಅರ್ಧ ಅಂತ ಮಡಚ್ಕೊಂಡು ಹೋಗತ್ತೆ" ಎಂದಳು. ನನಗೆ ತಕ್ಷಣ ತಿಳಿಯಿತು. ತೊಗಲಿನ ಪಟ್ಟಿಯನ್ನು ಎಷ್ಟು ಸಲ ಅರ್ಧರ್ಧ ಮಡಚಿದರೂ ಹತ್ತನೇ ಒಂದು ಪಾಲಿನ ಮೇಲೆ ಸರಿಯಾಗಿ ಮಡಿಕೆ ಬೀಳುವುದೇ ಇಲ್ಲ. ಒಂದು ಎಳೆ ಆಚೆಗೋ ಈಚೆಗೋ. ಎರಡು ಪದರಗಳ ಎಳೆ ಕೂಡಿಕೊಂಡು ಆ ಕಿರಿಯ ಮೂರು ಹುಟ್ಟಿದ್ದಾನೆ. ಹುಟ್ಟಿದ್ದು ತಪ್ಪಲ್ಲ. ಅವನನ್ನು ಮನಸ್ಸಿನಲ್ಲಿ ಸಾಕುತ್ತಾ, ಬರೆದು ತೋರಿಸುವಾಗ ಮಾತ್ರ ಮನೆಯಲ್ಲಿ ಅಂಥವನೇ ಇಲ್ಲವೆಂದು ನಮ್ಮ ಮುಂದೆ ಸಾಧಿಸಿದಿರಲ್ಲ, ಆ ಗಾಂಭೀರ್ಯಕ್ಕೆ ಕೈಮುಗಿಯಬೇಕು.

ಪಕ್ಕದ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತಿದ್ದ ಅಕ್ಕ ಆ ಉದ್ದನೆಯ ಸಾಲನ್ನು ಕೊನೆಯವರೆಗೂ ಓದಿ, "ಕಾಲು ಗಿಡ್ಡ ಅಂತ ಗೊತ್ತಿತ್ತು. ನಂಬರ್ರು ಇಷ್ಟುದ್ದ ಅಂತ ಗೊತ್ತಿರ್ಲಿಲ್ಲ ಕಣೋ" ಎಂದಳು. ನಕ್ಕಳು, ಆದರೆ ಗಡಿಯಾರ ನೋಡಿಕೊಂಡೇ ನಕ್ಕಳು.

ನನ್ನದೊಂದು ಹಳೆಯ ಚಾಳಿಯಿದೆ: ಯಾವ ಅಳತೆಯನ್ನೇ ಆಗಲಿ ಚೀಟಿಯಲ್ಲಿ ಬರೆದು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವುದು. ಬುಧವಾರವೇ ತಮ್ಮ ಪರದೆಯಲ್ಲಿದ್ದ ಮೊತ್ತವನ್ನು ಹಾಗೆ ಸಿಕ್ಕಿಸಿಕೊಂಡಿದ್ದೆ. ಚೀಟಿ ತೆಗೆದು ನೋಡಿದರೆ ಅದರಲ್ಲಿ 3.3 ಮಾತ್ರ ಇತ್ತು. ಕಿರಿಯವನು ಅಷ್ಟು ದೂರ ಬಂದಿರಲಿಲ್ಲ. ತಮ್ಮ ಮೊತ್ತವನ್ನು ಅಳಿಸಿ, ಅದೇ ಚೌಕದಲ್ಲಿ, ತಾವೇ ಬರೆದು ತೋರಿಸಿದ್ದನ್ನು ಚೀಟಿ ನೋಡಿ ತಮಗೇ ಒತ್ತಿದೆ. ತಾವು ಓದಿದಿರಿ, ಒಪ್ಪಿದಿರಿ, ಹಸಿರಾದಿರಿ, ಕೊರೆದಿರಿ. ಮೂರು ದಿನ ತಾವು ಒಪ್ಪದ ಲೆಕ್ಕವನ್ನು ನನ್ನ ಕಿವಿಯ ಹಿಂದಿನ ಚೀಟಿಯೊಂದು ತಮಗೆ ಒಪ್ಪಿಸಿತೆಂಬುದನ್ನು ಇಲ್ಲಿ ಬಹಿರಂಗವಾಗಿ ದಾಖಲಿಸಲು ಹೆಮ್ಮೆಪಡುತ್ತೇನೆ.

ಶನಿವಾರ ಅಕ್ಕ ಐದು ಮೆಟ್ಟಿಲನ್ನೂ ಹತ್ತಿದಳು. ಮೂರನೆಯದರಲ್ಲಿ ಹೊಸ ಗ್ರಂಥಪಾಲಕಿ ಕೈ ನೀಡಿದಾಗ, "ಆ ಕೈಲಿ ಪುಸ್ತಕ ಹಿಡ್ಕೋಮ್ಮ, ನನ್ನನ್ನಲ್ಲ" ಎಂದದ್ದು ಹಿಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ನನ್ನ ಹೆಬ್ಬೆರಳು ಆ ಹೊತ್ತು ನಡುಗಲಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಸಾಧ್ಯವಾದರೆ ಇನ್ನೂ ಎಂಟು ಬೆರಳು ಬೆಳೆಸಿಕೊಳ್ಳಿ. ಆಗದಿದ್ದರೆ, ಬರೆದದ್ದನ್ನು ತಿರುಗಿ ಓದಿದಾಗ ಮನಸ್ಸಿನಲ್ಲಿದ್ದದ್ದೇ ಸಿಗುವಷ್ಟಾದರೂ ಪೂರ್ತಿಯಾಗಿ ಬರೆಯಿರಿ. ಅದೂ ಕಷ್ಟವೆಂದರೆ ಆ ಕಿರಿಯ ಮೂರನ್ನು ನಮ್ಮ ಮನೆಗೆ ಕಳಿಸಿಕೊಡಿ. ಮೊಳೆಗಳ ಡಬ್ಬಿಯಲ್ಲಿ ಜಾಗವಿದೆ, ಚೆನ್ನಾಗಿ ನೋಡಿಕೊಳ್ಳುತ್ತೇವೆ.

ತಮ್ಮ ವಿಶ್ವಾಸಿ,
(ಸುಮಾರಾಗಿ)
ಅಟ್ಟೆ ಅಂಗಡಿಯ ಅಜ್ಜ

ತಾ.ಕ.: ಚೀಟಿಯಿಂದ ಒತ್ತಿದ ಬರೀ 3.3 ಕೂಡ ತಮ್ಮ ಮನಸ್ಸಿನಲ್ಲಿ ಪೂರಾ 3.3 ಆಗುವುದಿಲ್ಲ, ಒಂದು ಎಳೆ ಕಡಿಮೆಯೇ ಎಂದು ಸೊಸೆ ನಿನ್ನೆ ಹೇಳಿದಳು. ಅಕ್ಕನಿಗೆ ಇದನ್ನು ತಿಳಿಸಿಲ್ಲ. ತಿಳಿದರೆ ಇನ್ನೊಂದು ಜೊತೆ ಮಾಡಿಸುತ್ತಾಳೆ. ಇದು ನಿಜವೋ ಸುಳ್ಳೋ, ಬೇಗ ಒಂದು ಸಾಲು ಬರೆದು ತಿಳಿಸಿ. ಸಾಲು ಎಷ್ಟುದ್ದವಾದರೂ ಪರವಾಗಿಲ್ಲ, ಕೊನೆಯವರೆಗೂ ಬರೆಯಿರಿ.