ಜರ್ಮನಿಯಿಂದ ಬಂದ ಹನ್ನೊಂದು ಪುಟ

ಆ ಲಿಂಕನ್ನು ಒಂದೇ ಸಲ ತೆರೆಯಬಹುದಿತ್ತು. ತೆರೆದ ಹದಿನೈದು ನಿಮಿಷಕ್ಕೆ ಮುಚ್ಚಿಹೋಗುತ್ತದೆ, ಅಷ್ಟರಲ್ಲಿ ಒಂದೇ ಪ್ರತಿ ಪ್ರಿಂಟ್ ತೆಗೆದುಕೊಳ್ಳಿ ಎಂದು ಜರ್ಮನಿಯ ವಿಶ್ವವಿದ್ಯಾಲಯದ ಗ್ರಂಥಾಲಯ ಬರೆದಿತ್ತು. ತೆರೆದವನು ಚಿತ್ರದುರ್ಗದ ಗ್ರಂಥಾಲಯದ ಅಟೆಂಡರ್ ಓಬಯ್ಯ. ಜರ್ಮನಿ ಹೇಗಿದೆ ನೋಡೋಣ ಅಂತ.

ಪ್ರಭುಲಿಂಗ ಕಂಪ್ಯೂಟರಿನತ್ತ ಧಾವಿಸಿದ. ಕುರಿಗಾರರ ಮಾತಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಅವನಿಗೆ ಆ ಲಿಂಕಿನಲ್ಲಿದ್ದ, ಜರ್ಮನ್ ವಿದ್ವಾಂಸನೊಬ್ಬ ಬರೆದ ಹಳೇ ಲೇಖನವೇ ಗತಿ. ವಿದೇಶಿ ಆಧಾರವಿಲ್ಲದೆ ಅಧ್ಯಾಯಕ್ಕೆ ಸಹಿ ಹಾಕುವುದಿಲ್ಲವೆಂದ ಗೈಡ್ ರೇವಣಸಿದ್ದಪ್ಪನವರು ಇವತ್ತು ಸಂಜೆ ಐದರ ಗಡುವು ಕೊಟ್ಟಿದ್ದರು. ಚಿತ್ರದುರ್ಗ ದೆಹಲಿಯನ್ನು ಕೇಳಿ, ದೆಹಲಿ ಲಂಡನ್ನನ್ನು ಕೇಳಿ, ಲಂಡನ್ ಜರ್ಮನಿಯ ಕಡೆ ಕೈ ತೋರಿಸಿ ನಾಲ್ಕು ತಿಂಗಳಾಗಿತ್ತು.

“ಪ್ರಿಂಟ್ ಕೊಡ್ರಿ ಓಬಯ್ಯಣ್ಣ, ಬೇಗ!”

“ಕೊಡಾಣ, ಪೇಪರ್ ಎಲ್ಲೈತಪ್ಪ?”

ಗ್ರಂಥಪಾಲಕ ನಿರಂಜನ್ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ಹೊತ್ತು ಓಡಿಬಂದರು. ಹಿಂಬದಿ ಖಾಲಿಯಿತ್ತು. ಪ್ರಿಂಟರು ಮುದಿ ಟಗರಿನಂತೆ ಕೆಮ್ಮಿ, ನಾಲ್ಕು ಪುಟ ಕೊಟ್ಟು, ಐದನೆಯದನ್ನು ಮೆಲುಕು ಹಾಕತೊಡಗಿತು. ಓದಲು ಬಂದವರೆಲ್ಲ ಸುತ್ತ ನೆರೆದರು. ಒಬ್ಬರು ಎಳೀರಿ ಎಂದರು, ಇನ್ನೊಬ್ಬರು ಗುದ್ರಿ ಎಂದರು. ಓಬಯ್ಯ ಎರಡನ್ನೂ ಮಾಡಿದ. ಹನ್ನೊಂದನೆಯ ಪುಟ ಹೊರಬಿತ್ತು, ಲಿಂಕ್ ಮುಚ್ಚಿತು.

ಐದಕ್ಕೆ ಎರಡು ನಿಮಿಷವಿರುವಾಗ, ಮಸಿ ಮೆತ್ತಿದ ಮುಖದಲ್ಲಿ ಪ್ರಭುಲಿಂಗ ಗೈಡ್ ಮುಂದೆ ನಿಂತಿದ್ದ.

“ಭೇಷ್! ಕುರಿ ಬಣ್ಣಕ್ಕೆ ಮೂವತ್ತೊಂದು ಹೆಸರು! ಸಂಶೋಧನೆ ಅಂದ್ರೆ ಇದಪ್ಪ.” ರೇವಣಸಿದ್ದಪ್ಪ ಪೆನ್ನು ತೆಗೆದು ಕೊನೆಯ ಪುಟಕ್ಕೆ ಬಂದರು. “ಮಾಹಿತಿ ಕೊಟ್ಟೋರು ಈರಕ್ಕ, ಮತ್ತೋಡು. ನಿಮ್ಮೂರೇ ಅಲ್ವೇನೋ?”

ಊರಷ್ಟೇ ಅಲ್ಲ, ಅವನ ಸ್ವಂತ ಅಜ್ಜಿ! ಗೈಡ್ ಹಿಗ್ಗಿ, ಅಲ್ಲೇ ಫೋನ್ ಮಾಡಿಸಿ ಸ್ಪೀಕರ್ ಹಾಕಿಸಿದರು.

“ಓ, ಆ ಬಿಳೇ ಹುಡುಗನಾ?” ಈರಕ್ಕನ ನಗು ಕೋಣೆ ತುಂಬಿತು. “ನೀನಿನ್ನೂ ತೊಟ್ಟಿಲಾಗಿದ್ದೆ. ಇನ್ನೊಂದು ಹೇಳ್ರಿ, ಇನ್ನೊಂದು ಹೇಳ್ರಿ ಅಂತ ಜೀವ ತಿಂದ ಕಣಪ್ಪ. ನಂಗೆ ಗೊತ್ತಿದ್ದಿದ್ದು ಒಂಬತ್ತು. ಆಮೇಲೆ ನಿಮ್ಮಜ್ಜನ ಕಡೆ ನೆಂಟರ ಅಡ್ಡಹೆಸ್ರೆಲ್ಲ ಹೇಳಿ ಸಾಗಹಾಕ್ದೆ.”

ಗೈಡ್ ಪೆನ್ನಿಗೆ ಮುಚ್ಚಳ ಹಾಕಿದರು.

“ಹೋಗ್ಲಿ ಬಿಡು. ನಿಜವಾದ ಒಂಬತ್ತನ್ನ ಅಜ್ಜಿ ಹತ್ರ ಬರ್ಕಂಡು ಬಾ.”

ಪ್ರಭುಲಿಂಗನಿಗೆ ಹೋದ ಜೀವ ಬಂದಂತಾಯಿತು. “ನಾಳೆನೇ ತರ್ತೀನಿ ಸಾರ್! ಸೈನ್ ಹಾಕ್ತೀರಲ್ಲಾ?”

“ಹಾಕ್ದೆ ಇರ್ತೀನಾ? ಮೊದ್ಲು ಅವು ಜರ್ಮನಿಯಾಗೆ ಅಚ್ಚಾಗ್ಲಿ.”